ಹಂದಿಮೂತಿಯಿಂದ ಮರಳಿದ ಗುರುತು

ಬಹಳ ಹಿಂದೆ, ಕಡಲ ಬದಿಯ ಒಂದು ಊರಲ್ಲಿ ಶನಿಯಾರ ಎಂಬವನಿದ್ದನಂತೆ. ಎಷ್ಟು ಹಿಂದೆ ಎಂದು ಕೇಳಬೇಡಿ. ನಾನು ಕೇಳಿದ್ದೇನೆ. ಒಬ್ಬರು ಅಜ್ಜನ ಕಾಲ ಎಂದರು, ಒಬ್ಬರು ಅಜ್ಜನ ಅಜ್ಜನ ಕಾಲ ಎಂದರು, ಇನ್ನೊಬ್ಬರು ತಾವೇ ಕಣ್ಣಾರೆ ಕಂಡದ್ದು ಎಂದರು. ಎಲ್ಲರೂ ಆಣೆ ಹಾಕಿಯೇ ಹೇಳಿದರು.

ಶನಿಯಾರ ಕಡಲ ತೆರೆಯ ಮೇಲೆ ನಿಂತು ದಡಕ್ಕೆ ಬರುತ್ತಿದ್ದನಂತೆ. ದೋಣಿಯಲ್ಲಲ್ಲ, ಒಂದು ಹಲಗೆಯ ಮೇಲೆ. ಅವನನ್ನು ಕಂಡರೆ ತೆರೆ ಎತ್ತಿನ ಹಾಗೆ ಬೆನ್ನು ತಗ್ಗಿಸುತ್ತಿತ್ತಂತೆ. ಒಮ್ಮೆ ತೆರೆಯ ಮೇಲೆಯೇ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಬಾಯಿಗೆ ಹಾಕಿ, ದಡ ಮುಟ್ಟಿದ ಮೇಲೆ ಉಗಿದನಂತೆ. ಎಲೆ ಅಡಿಕೆಯ ಮಾತನ್ನು ನಾನು ನಂಬುವುದಿಲ್ಲ. ಒದ್ದೆ ಕೈಯಲ್ಲಿ ಸುಣ್ಣ ಹಚ್ಚಲು ಹೋದವರು ಯಾರೂ ನಂಬುವುದಿಲ್ಲ. ಹಲಗೆಯ ಮಾತನ್ನು ಬೇಕಾದರೆ ನಂಬಬಹುದು. ಅದನ್ನು ಕಂಡವನೊಬ್ಬ ಜೀವಮಾನವಿಡೀ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಸುಳ್ಳಿಗೆ ಯಾರೂ ಅಷ್ಟು ಕಷ್ಟಪಡುವುದಿಲ್ಲ.

ಊರಿನ ಬಡಗು ದಿಕ್ಕಿಗೆ, ದೂರದಲ್ಲಿ, ಹಂದಿಮೂತಿ ಎಂಬ ಬಂಡೆ ಕಡಲೊಳಗೆ ಚಾಚಿಕೊಂಡಿದೆ. ಈಗಲೂ ಇದೆ. ಅದರ ಹಿಂದೆ ಮುಳ್ಳುಗುಡ್ಡ. ದೋಣಿಯಲ್ಲಿ ಹೋದರೆ ಕಲ್ಲು ದೋಣಿಯನ್ನು ಸೀಳುತ್ತದೆ. ಇರುವ ದಾರಿ ಮರಳು ಮಾತ್ರ. ಆ ಮರಳಿನ ಮೇಲೆ ಗಾಡಿ ಹೊಡೆಯುತ್ತಿದ್ದವನು ಶನಿಯಾರನೊಬ್ಬನೇ. ಮೀನುಗಾರರ ಕೇರಿಯಲ್ಲಿ ಎತ್ತು, ಗಾಡಿ ಇದ್ದದ್ದು ಅವನಿಗೆ ಮಾತ್ರ. ಹಂದಿಮೂತಿಯ ಬುಡದಲ್ಲಿ ಬಿದ್ದಿರುವ ಚಿಪ್ಪು ಹೆಕ್ಕಿ ತಂದು, ಸುಟ್ಟು ಸುಣ್ಣ ಮಾಡುವ ಗೂಡಿಗೆ ಹಾಕುತ್ತಿದ್ದ. ಊರವರೆಲ್ಲ ಸೇರಿ ದಡದಿಂದ ರಂಪಣಿ ಬಲೆ ಎಳೆಯುವ ದಿನ ಅವನೂ ಹಗ್ಗಕ್ಕೆ ಕೈ ಹಾಕುತ್ತಿದ್ದ, ಪಾಲಿನ ಮೀನು ಮನೆಗೆ ಬರುತ್ತಿತ್ತು.

ಸಂಶಯ ಶುರುವಾದದ್ದು ಚಿಪ್ಪಿನಿಂದ. ದಿನವಿಡೀ ಹೋದವನು ಅರ್ಧ ಗಾಡಿ ಚಿಪ್ಪು ತರುತ್ತಿದ್ದ. ಉಳಿದ ಹೊತ್ತು ಏನು ಮಾಡುತ್ತಿದ್ದ? ಗಾಡಿಯ ಹುಲ್ಲಿನಡಿಯಲ್ಲಿ ಒಂದು ಹಲಗೆ ಇರುತ್ತಿತ್ತು, ಒಡೆದ ದೋಣಿಯದ್ದು. ಅದು ಯಾಕೆ ಎಂದು ಕೇಳಿದರೆ, ಗಾಡಿ ಹೂತರೆ ಚಕ್ರದ ಅಡಿಗೆ ಎನ್ನುತ್ತಿದ್ದ. ಅವನ ಗಾಡಿ ಯಾವತ್ತೂ ಹೂತದ್ದಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಯಾರೋ ಮರಳು ನೋಡಿದರು. ಗಾಡಿ ಹೋದ ಗುರುತು ಇತ್ತು, ಆಳವಾಗಿ, ಹಂದಿಮೂತಿಯವರೆಗೂ. ಬಂದ ಗುರುತು ಇರಲಿಲ್ಲ. ಶನಿಯಾರ ಮಾತ್ರ ಮನೆಯ ಜಗಲಿಯಲ್ಲಿ ಕುಳಿತು ಗಂಜಿ ಉಣ್ಣುತ್ತಿದ್ದ.

ಮತ್ತೊಂದು ದಿನ ನೋಡಿದರು. ಹೋದದ್ದು ಇತ್ತು, ಬಂದದ್ದು ಇರಲಿಲ್ಲ. ಪ್ರತಿ ಸಲವೂ ಹಾಗೆಯೇ ಅಂತೆ. ಊರು ತೀರ್ಮಾನಕ್ಕೆ ಬಂತು: ಹೋದವನು ಹೋದ. ಬಂದವನು ಅವನಲ್ಲ.

ಕಾರಣ ಸರಳ. ಭರತದ ಹೊತ್ತಿಗೆ ನೀರು ಮೇಲೆ ಇರುತ್ತದೆ, ಹಾಗಾಗಿ ಅವನು ಒಣ ಮರಳಿನಲ್ಲೇ ಗಾಡಿ ಹೊಡೆದು ಹೋಗುತ್ತಿದ್ದ. ಆ ಗುರುತು ಉಳಿಯುತ್ತಿತ್ತು. ಇಳಿತದಲ್ಲಿ ನೀರಂಚಿನ ಗಟ್ಟಿ ಮರಳಿನ ಮೇಲೆ ಬಂದು, ಊರ ಹತ್ತಿರ ಕಡಲು ಸೇರುವ ತೋಡಿನ ನೀರಲ್ಲೇ ಗಾಡಿ ಹತ್ತಿಸಿ ಮನೆಯ ಹಿತ್ತಲು ಸೇರುತ್ತಿದ್ದ. ಮುಂದಿನ ಭರತ ಆ ಗುರುತನ್ನು ಅಳಿಸುತ್ತಿತ್ತು. ಭರತ ಇಳಿತ ನೋಡಿಯೇ ಅನ್ನ ತಿನ್ನುತ್ತಿದ್ದ ಊರು ಅದು. ಅವರಿಗೆ ಇದು ಗೊತ್ತಿರಲಿಲ್ಲ ಎಂದು ಹೇಳಿದರೆ ನಾನು ಒಪ್ಪುವುದಿಲ್ಲ. ಗೊತ್ತಿತ್ತು. ಆದರೆ ಇನ್ನೊಂದು ಕಾರಣ ಹೆಚ್ಚು ರುಚಿಯಾಗಿತ್ತು.

ಶನಿಯಾರ ಇದನ್ನೆಲ್ಲ ಬಿಡಿಸಿ ಹೇಳಿದನಂತೆ. ಅದರಿಂದ ಕೆಟ್ಟದ್ದೇ ಆಯಿತು. ನಮ್ಮ ಶನಿಯಾರ ಯಾವತ್ತು ಇಷ್ಟು ಚಂದ ಮಾತಾಡಿದ್ದ ಎಂದು ಊರು ಕೇಳಿತು.

ಊರ ಯಜಮಾನ ಕುಪ್ಪಯ್ಯ ಕೂಟ ಸೇರಿಸಿ ತೀರ್ಪು ಕೊಟ್ಟ. ಇವನು ಯಾರೆಂದು ತಿಳಿಯುವ ತನಕ ಬಲೆಯ ಹಗ್ಗ ಮುಟ್ಟಬಾರದು. ಹುಣ್ಣಿಮೆಯೊಳಗೆ ತಿಳಿಯದಿದ್ದರೆ ಇವನು ಊರು ಬಿಡಬೇಕು, ಹೆಂಡತಿ ಲಚ್ಚಿ ಗಂಡ ಸತ್ತವಳೆಂದು ಬಳೆ ಒಡೆಯಬೇಕು.

ಲಚ್ಚಿ ಅಳಲಿಲ್ಲವಂತೆ. ಪಕ್ಕದ ಮನೆಯ ದುರ್ಗಮ್ಮ ಅವಳ ಕಿವಿಯಲ್ಲಿ, "ಹೆಣ್ಣೇ, ನಿಂಗೆ ಎಂತದೂ ಬೇರೆ ಅನ್ಸಲಿಲ್ವಾ?" ಎಂದು ಕೇಳಿದಳು.

"ಅನ್ಸ್ತದೆ ದುರ್ಗಕ್ಕ. ಮೊದ್ಲು ಗೊರಕೆ ಹೊಡೀತಿದ್ರು, ಈಗ್ಲೂ ಹೊಡೀತಾರೆ. ದೆವ್ವ ಆದ್ರೆ ಅದಾದ್ರೂ ನಿಲ್ತಿತ್ತು."

ಹಾಗೆ ಅಂದಳು. ಆದರೆ ಆ ರಾತ್ರಿ ಅವಳೂ ಗಂಡನ ಪಾದ ಮುಟ್ಟಿ, ಬೆಚ್ಚಗಿದೆಯೋ ಎಂದು ನೋಡಿದಳಂತೆ. ಸಂಶಯ ಉಪ್ಪುಗಾಳಿಯ ಹಾಗೆ. ಬಾಗಿಲು ಹಾಕಿದವರ ಮನೆಯ ಕತ್ತಿಗೂ ತುಕ್ಕು ಹಿಡಿಯುತ್ತದೆ.

ಮರುದಿನ ಅವಳು ಗಾಡಿ ಹತ್ತಿ ಕುಳಿತಳು. ಇಳಿ ಎಂದರೆ ಇಳಿಯಲಿಲ್ಲ. ಹಂದಿಮೂತಿಯಲ್ಲಿ ಶನಿಯಾರ ತಲೆ ತಗ್ಗಿಸಿಕೊಂಡು ಹಲಗೆ ಇಳಿಸಿದ. ಅಲ್ಲಿ ತೆರೆ ಬಂಡೆಯ ಮೂತಿಗೆ ತಾಗಿ, ಒಂದೇ ಕಡೆಯಿಂದ ಮಗುಚುತ್ತ, ಬಂಡೆಯುದ್ದಕ್ಕೂ ಸಾಲು ಹಿಡಿದು ಬರುತ್ತದೆ. ಅವನು ಅದರ ಮೇಲೆ ಎದ್ದು ನಿಂತು, ದಡದವರೆಗೆ ಬಂದ. ಅಷ್ಟೇ. ಅದೇ ಅವನ ಗುಟ್ಟು.

ಇಷ್ಟನ್ನು ಊರಿಗೆ ಹೇಳಲು ಎಂತ ರೋಗ ಎಂದು ಲಚ್ಚಿ ಕೇಳಿದಳಂತೆ. ಹೇಗೆ ಹೇಳುವುದು ಎಂದನಂತೆ ಅವನು. ಬಲೆ ಇಲ್ಲದೆ ಕಡಲಿಗೆ ಇಳಿಯುವುದು ಹೆಣ ಮಾತ್ರ ಎಂಬ ಮಾತು ಆ ಕೇರಿಯಲ್ಲಿತ್ತು. ಕಡಲು ಕಂಡಕಂಡವರನ್ನು ನುಂಗುವ ಊರಲ್ಲಿ, ಗಂಡಸೊಬ್ಬ ಕಡಲಲ್ಲಿ ಆಡುತ್ತಾನೆ ಎಂದರೆ ದೆವ್ವ ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ನಾಚಿಕೆ.

ಇಳಿತದಲ್ಲಿ ಇಬ್ಬರೂ ನೀರಂಚಿನಲ್ಲಿ ಬಂದರು. ಲಚ್ಚಿ ಕೇರಿಯಲ್ಲಿ ನಿಂತು, ಹೋಗಿ ಬಂದೆ, ಇವರು ನನ್ನ ಗಂಡನೇ ಎಂದು ಸಾರಿದಳು. ಬೆಳಿಗ್ಗೆ ಊರು ಮರಳು ನೋಡಿತು. ಇಬ್ಬರು ಗಾಡಿಯಲ್ಲಿ ಹೋದ ಗುರುತು ಇತ್ತು. ಬಂದ ಗುರುತು ಇರಲಿಲ್ಲ.

ಈಗ ಲಚ್ಚಿಯೂ ಲಚ್ಚಿಯಲ್ಲ ಎಂದಾಯಿತು. ದುರ್ಗಮ್ಮ ಒಲೆಗೆ ಬೆಂಕಿ ಕೇಳಲು ಬರುವುದನ್ನು ನಿಲ್ಲಿಸಿದಳು.

ಹುಣ್ಣಿಮೆಯ ದಿನ ಲಚ್ಚಿ ಯಜಮಾನನ ಅಂಗಳಕ್ಕೆ ಹೋದಳಂತೆ. ಊರೆಲ್ಲ ಕೇಳುವ ಹಾಗೆ, "ಯಜಮಾನ್ರೆ, ಬಳೆ ಒಡೀಲಿಕ್ಕೆ ನಾನು ತಯಾರು. ಮೊದ್ಲು ನೀವೊಮ್ಮೆ ಗಾಡಿ ಹತ್ತಿ. ಹೆದ್ರಿಕೆ ಆದ್ರೆ ಬೇಡ" ಎಂದಳು.

ಕುಪ್ಪಯ್ಯ ಗಾಡಿ ಹತ್ತಿದ. ಹತ್ತದೆ ಏನು ಮಾಡಿಯಾನು? ದೇವರ ಬೂದಿಯನ್ನು ಹಣೆಯಿಂದ ಹೊಕ್ಕುಳದವರೆಗೆ ಬಳಿದುಕೊಂಡು ಕುಳಿತನಂತೆ.

ಹಂದಿಮೂತಿಯಲ್ಲಿ ನಡೆದದ್ದನ್ನು ಕಂಡವರು, ಜೊತೆಗೆ ಹೋದ ಲಚ್ಚಿಯೂ ಸೇರಿ, ಮೂವರೇ. ಶನಿಯಾರ ತೆರೆಯ ಮೇಲೆ ಬಂದ. ಕುಪ್ಪಯ್ಯ ನೋಡುತ್ತ ನಿಂತ. ಮತ್ತೆ ಬಂದ. ಕುಪ್ಪಯ್ಯ ಆಚೆ ಈಚೆ ನೋಡಿದ. ಊರಿನವರು ಯಾರೂ ಇರಲಿಲ್ಲ. ಅವನು ಪಂಚೆಯನ್ನು ಮೇಲೆತ್ತಿ ಕಟ್ಟಿದನಂತೆ. ಹಲಗೆಯ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿದನಂತೆ. ಶನಿಯಾರ ತಳ್ಳಿದ, ತೆರೆ ಎತ್ತಿತು, ಯಜಮಾನ ದಡದವರೆಗೂ ಕಿರುಚುತ್ತ ಬಂದ. ಹೆದರಿ ಕಿರುಚಿದ್ದು ಎನ್ನುತ್ತಾರೆ ಅವನ ಮನೆತನದವರು. ನಗೆ ಎಂದಳು ಲಚ್ಚಿ. ಬೂದಿಯೆಲ್ಲ ತೊಳೆದು ಹೋಗಿತ್ತು.

ಇಳಿತದಲ್ಲಿ ಗಾಡಿ ನೀರಂಚಿನ ಮೇಲೆ ಮರಳಿತು. ಕುಪ್ಪಯ್ಯ ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದ. ಚಕ್ರದ ಗುರುತು ಬೀಳುತ್ತಿತ್ತು, ನೀರು ಬಂದು ನೆಕ್ಕುತ್ತಿತ್ತು. ತೋಡಿನ ಹತ್ತಿರ ಶನಿಯಾರ ಗಾಡಿ ತಿರುಗಿಸಬೇಕು, ಅಷ್ಟರಲ್ಲಿ ಯಜಮಾನ, "ಹ್ವಾಯ್, ನಿಲ್ಸಾ!" ಎಂದು ಧುಮುಕಿದ. ನೆಟ್ಟಗೆ ಒಣ ಮರಳಿಗೆ ಓಡಿದ. ಭರತ ಮುಟ್ಟದ ಎತ್ತರಕ್ಕೆ ಹೋಗಿ, ಊರ ಕಡೆ ಮುಖ ಮಾಡಿ, ಎರಡು ಕಾಲನ್ನೂ ಎತ್ತೆತ್ತಿ ಮರಳನ್ನು ಮೆಟ್ಟಿದ. ಬಗ್ಗಿ ನೋಡಿದ. ಸಾಲದು ಎನ್ನಿಸಿ ಇನ್ನೊಮ್ಮೆ ಮೆಟ್ಟಿದ.

ಅವನಿಗೆ ತೆರೆಯ ಹೆದರಿಕೆ ಇರಲಿಲ್ಲ. ಮರುದಿನ ಬೆಳಿಗ್ಗೆ ಮರಳು ನೋಡಲು ಬರುವವರು ಯಾರೆಂದು ಅವನಿಗೆ ಗೊತ್ತಿತ್ತು. ಅವರ ಸಂಶಯವನ್ನು ಸಾಕಿದವನು ಅವನೇ.

ಬೆಳಿಗ್ಗೆ ಊರು ಮರಳು ನೋಡಿತು, ಈ ಸಲ ಬಂದ ಗುರುತು ಇತ್ತು. ಎಂತ ಕಂಡಿರಿ ಯಜಮಾನ್ರೆ ಎಂದು ಊರು ಮುತ್ತಿಕೊಂಡಿತು.

"ಚಿಪ್ಪು" ಎಂದ ಕುಪ್ಪಯ್ಯ. ಬೇರೆ ಮಾತು ಅವನ ಬಾಯಿಂದ ಸಾಯುವವರೆಗೂ ಬರಲಿಲ್ಲವಂತೆ. ಮುಂದಿನ ಬಲೆಗೆ ಶನಿಯಾರ ಹಗ್ಗ ಹಿಡಿದ, ಯಾರೂ ಬೇಡ ಎನ್ನಲಿಲ್ಲ. ಮೀನಿನ ಪಾಲು ಎತ್ತಿಕೊಳ್ಳಲು ಬಂದ ಲಚ್ಚಿಯ ಕೈಯಲ್ಲಿ ಬಳೆಗಳಿದ್ದವು, ಬೇಕೆಂದೇ ಸದ್ದು ಮಾಡುತ್ತಿದ್ದವು. ಕುಪ್ಪಯ್ಯ ಕೂಡ ಆಗಾಗ ಚಿಪ್ಪು ಹೆಕ್ಕಲು ಹೋಗತೊಡಗಿದ. ಅವನ ಮನೆಯಲ್ಲಿ ಸುಣ್ಣದ ಗೂಡು ಇರಲಿಲ್ಲ.

ಶನಿಯಾರ ಕೊನೆಗೆ ತೆರೆಯ ಮೇಲೆಯೇ ಹೊರಟು ಆಚೆ ದಡ ಸೇರಿದ ಎನ್ನುತ್ತಾರೆ. ಜ್ವರ ಬಂದು ಮನೆಯಲ್ಲೇ ಸತ್ತ ಎಂದೂ ಹೇಳುತ್ತಾರೆ. ಹಾಗೆ ಹೇಳುವವರ ಮಾತನ್ನು ಕೇಳುವವರು ಕಡಿಮೆ.

ಈಗ ಹಂದಿಮೂತಿಗೆ ಜೀಪುಗಳು ಹೋಗುತ್ತವೆ. ಬಣ್ಣದ ಹಲಗೆ ಕಟ್ಟಿಕೊಂಡ ಹುಡುಗರು, ಹುಡುಗಿಯರು ಹೋಗುತ್ತಾರೆ. ಬರುವಾಗ ತೋಡಿನ ಹತ್ತಿರ ಜೀಪು ನಿಲ್ಲಿಸಿ, ಒಣ ಮರಳಿಗೆ ಹತ್ತಿ, ಊರ ಕಡೆ ಮುಖ ಮಾಡಿ ಎರಡು ಕಾಲನ್ನೂ ಮೆಟ್ಟುತ್ತಾರೆ. ಮೆಟ್ಟದೆ ಬಂದವರಿಗೆ ತೋಡಿನ ಬದಿಯ ಅಂಗಡಿಯಲ್ಲಿ ಚಹಾ ಕೊಡುವುದಿಲ್ಲ. ಕೇಳಿದರೆ, ಶನಿಯಾರನ ಹೆಸರಲ್ಲಿ ಎನ್ನುತ್ತಾರೆ. ಮೆಟ್ಟಿದವನು ಶನಿಯಾರನಲ್ಲ ಎಂದು ನಾನು ತಿದ್ದಲು ಹೋದೆ. ಅಂಗಡಿಯವಳು ನನ್ನ ಕಾಲನ್ನೇ ನೋಡುತ್ತಿದ್ದಳು.

ಎದ್ದು ಹೋಗಿ ಮೆಟ್ಟಿ ಬಂದೆ. ದೆವ್ವದ ಮೇಲಿನ ನಂಬಿಕೆಯಿಂದಲ್ಲ. ಊರಿನ ಮೇಲಿನ ನಂಬಿಕೆಯಿಂದ.