ಅಂಬಿಗ ಕೂತ ಕಲ್ಲು

ತುಂಗಭದ್ರೆಯ ದಂಡೆಯ ಆಶ್ರಮದಲ್ಲೊಂದು ಆಸ್ಪತ್ರೆ. ಅದನ್ನು ನಡೆಸುತ್ತಿದ್ದವರು ವೈದ್ಯೆ ವಿಮಲಾಂಬೆ, ಎಲ್ಲರಿಗೂ ಗುರುಮಾತೆ. ಅವರಲ್ಲಿ ಕಲಿಯಲು ಬಂದ ಕಿರಿಯ ವೈದ್ಯೆ ವಾರಿಜಾ ನಡೆಯುತ್ತಿರಲಿಲ್ಲ, ಓಡುತ್ತಿದ್ದಳು.

ಅಂದು ಬೆಳಿಗ್ಗೆಯೂ ಓಡಿಬಂದಳು. ಮೂಳೆಯೊಳಗಿನ ಮಜ್ಜೆ ಸೊರಗಿ, ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟದವರಿಗೆ ಹೊರಗಿನ ರಕ್ತವನ್ನು ಯಾವಾಗ ಕೊಡಬೇಕು? ಅವಳಿಗೆ ಉತ್ತರ ಸಿಕ್ಕಿತ್ತು. ಹಿಮೋಗ್ಲೋಬಿನ್ ಏಳಕ್ಕಿಂತ ಇಳಿದರೆ ಕೊಡುವುದು, ಮೇಲಿದ್ದರೆ ಬೇಡ. ಕರಿಹಲಗೆಯ ಮೇಲೆ ‘ಏಳು’ ಎಂದು ದೊಡ್ಡದಾಗಿ ಬರೆದೂ ಆಗಿತ್ತು.

ಗುರುಮಾತೆ ಕೇಳಿದರು: “ಹುಲಿಗೆಪ್ಪ ಬಂದಿದ್ದನಲ್ಲ?”

ಹರಿಗೋಲಿನ ಅಂಬಿಗ ಹುಲಿಗೆಪ್ಪನಿಗೂ ಇದೇ ರೋಗ, ಅಂಕಿ ಏಳೂವರೆ ಇತ್ತು. ರಕ್ತ ಬೇಡವೆಂದು ಕಳಿಸಿದೆನೆಂದಳು ವಾರಿಜಾ, ಹೆಮ್ಮೆಯಿಂದಲೇ.

ಗುರುಮಾತೆ ಕೋಲು ಹಿಡಿದು ಎದ್ದರು. “ಬಾ, ಹೊಳೆಗೆ ಹೋಗೋಣ.”

ಹೊಳೆ ದಾಟುವಾಗ ಸೆಳವು ಹರಿಗೋಲನ್ನು ಕೆಳಕ್ಕೆ ಒಯ್ಯುತ್ತದೆ. ಮತ್ತೆ ದಾಟಲು ಅಂಬಿಗ ಅದನ್ನು ಬೆನ್ನ ಮೇಲೆ ಬೋರಲು ಹೊತ್ತು, ದಂಡೆಗುಂಟ ಮೇಲಿನ ಕಟ್ಟೆಯವರೆಗೆ ನಡೆಯಬೇಕು. ಹುಲಿಗೆಪ್ಪ ನಡುದಾರಿಯ ಕಲ್ಲೊಂದರ ಮೇಲೆ ಕೂತಿದ್ದ, ಹರಿಗೋಲು ಪಕ್ಕಕ್ಕಿತ್ತು.

“ಮೊದಲು ಎಲ್ಲೂ ಕೂಡ್ತಿದ್ದಿಲ್ಲ ತಾಯಿ. ಯುಗಾದಿ ಮುಂದ ಒಮ್ಮೆ. ಈಗ ಇದು ಮೂರನೇ ಕಲ್ಲು.” ಏದುಸಿರಿನಲ್ಲೇ ವಾರಿಜಾಳತ್ತ ನಕ್ಕ. “ಏಳೂವರೆ ಐತಿ, ಗಟ್ಟಿ ಅದಿ ಅಂದ್ರು ಅಕ್ಕಾರು. ಹರಿಗೋಲಿಗೂ ಹೇಳೇನಿ. ಅದು ಕೇಳವಲ್ದು.”

ಇನ್ನೊಂದು ವಾರ ಹೀಗಾದರೆ ಹರಿಗೋಲಿನ ಹುಟ್ಟನ್ನು ಬೇರೆಯವರ ಕೈಗೆ ಕೊಟ್ಟು ಮನೆಯಲ್ಲಿ ಕೂರುವುದೇ ಸರಿಯೆಂದ. ಆಗ ನಗಲಿಲ್ಲ.

ಅಂದೇ ಅವನಿಗೆ ಒಂದು ಚೀಲ ರಕ್ತ ಏರಿತು. ಮೂರನೆಯ ದಿನ ಹರಿಗೋಲು ಹೊತ್ತು, ಎಲ್ಲಿಯೂ ಕೂರದೆ ಮೇಲಿನ ಕಟ್ಟೆ ಮುಟ್ಟಿದ. ವಾರಿಜಾಳ ಹಿಗ್ಗಿಗೆ ಮಿತಿಯಿರಲಿಲ್ಲ. ಇನ್ನೆರಡು ಚೀಲ ಕೊಟ್ಟುಬಿಟ್ಟರೆ ಹದಿಹರೆಯದವನಂತೆ ಓಡಾಡುತ್ತಾನೆಂದು ಹಟ ಹಿಡಿದಳು.

ಗುರುಮಾತೆ ಔಷಧ ಅರೆಯುವ ಕಬ್ಬಿಣದ ಕುಟ್ಟಾಣಿಯನ್ನು ಅವಳ ಅಂಗೈಯಲ್ಲಿಟ್ಟರು. ಅವಳ ಕೈ ಕುಸಿಯಿತು.

“ಚೀಲ ಚೀಲದಲ್ಲೂ ಕಬ್ಬಿಣವಿದೆ. ಒಳಗೆ ಹೋದದ್ದು ತಾನಾಗಿ ಹೊರಗೆ ಬರದು. ಅವನ ಹೃದಯ, ಯಕೃತ್ತು ಅದನ್ನು ಹೊರಬೇಕು. ಕೂರದೆ ನಡೆಯುವವನಿಗೆ ಇನ್ನೂ ಯಾಕೆ ಹೊರಿಸುತ್ತೀಯೆ?”

ವಾರ ಕಳೆಯಿತು. ಆಶ್ರಮಕ್ಕೆ ಹೂವಿನ ಮಾಲೆ ಕಟ್ಟುವ ನಿಂಗವ್ವನ ವರದಿ ಬಂತು. ರೋಗ ಅದೇ, ಅಂಕಿ ಆರೂ ಮುಕ್ಕಾಲು. ವಾರಿಜಾ ಕರಿಹಲಗೆಯನ್ನು ನೋಡಿದಳು. ರಕ್ತದ ಚೀಲಕ್ಕೆ ಚಾಚಿದ ಕೈಯನ್ನು ಹಿಂದಕ್ಕೆಳೆದು, ನಿಂಗವ್ವನನ್ನು ಹುಡುಕಿ ಹೊಳೆಗೆ ಓಡಿದಳು.

ನಿಂಗವ್ವನ ನಾಡಿ ನೋಡಿದಳು, ಎದೆಯ ಬಡಿತ ಕೇಳಿದಳು. ಆಮೇಲೆ ಅವಳ ಹಿಂದೆಯೇ ಸ್ನಾನಘಟ್ಟದ ಮೆಟ್ಟಿಲು ಹತ್ತಿದಳು. ಹೂಬುಟ್ಟಿ ತಲೆಯ ಮೇಲಿದ್ದ ಮುದುಕಿ ತುದಿಯಲ್ಲಿ ತಿರುಗಿ ನಿಂತಳು.

“ನಂದಿರ್ಲಿ, ನೀ ಯಾಕ ತೇಕಾಕತ್ತೀ ಮಗಳ? ತುಸು ಕೂಡು.”

ವಾರಿಜಾ ಕೂರಲಿಲ್ಲ. ಆಸ್ಪತ್ರೆಯವರೆಗೂ ಓಡಿ, ನಿಂಗವ್ವ ಎಲ್ಲಿಯೂ ಕೂರಲಿಲ್ಲವೆಂದೂ, ರಕ್ತ ಈಗ ಬೇಡ, ಮುಂದಿನ ವಾರ ಮತ್ತೆ ಅವಳ ಜೊತೆ ಹತ್ತುವೆನೆಂದೂ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತಲೇ ಒರೆಸುವ ಬಟ್ಟೆ ಎತ್ತಿಕೊಂಡಳು.

“ಈ ಏಳನ್ನು ಅಳಿಸಿಬಿಡಲೇ, ತಾಯಿ?”

“ಅಳಿಸಬೇಡ. ಪಕ್ಕದಲ್ಲಿ ಅವರವರು ಕೂತ ಕಲ್ಲನ್ನೂ ಬರೆ.”