ಬಾಯಿಗೆ ಬಲೂನು, ಹೊಟ್ಟೆಗೆ ಮೊಟ್ಟೆ

ಹೊಂಬಾಳಮ್ಮನಿಗೆ ಇದ್ದವನು ಒಬ್ಬನೇ ಮಗ, ಬೆಟ್ಟಸ್ವಾಮಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕಷ್ಟವೇ ಅದು. ಅಂಗಡಿ ನೋಡ್ಕೊ ಅಂದರೆ ಎದುರುಕಟ್ಟೆಯಲ್ಲಿ ಕೂತು ಅಂಗಡಿಯನ್ನೇ ನೋಡುತ್ತಿದ್ದ. ಮೀಸೆ ಬಂದರೂ ಒಂದು ಕೆಲಸವೂ ನಿಲ್ಲಲಿಲ್ಲ. ಕೊನೆಗೆ ಅವ್ವ ಅವನನ್ನು ಶಾಹಿದಾ ಟೀಚರ ಹತ್ತಿರ ಕೈಯಾಳಾಗಿ ಸೇರಿಸಿದಳು. ಆ ಟೀಚರು ಅಡುಗೆಮನೆ ಸಾಮಾನಲ್ಲೇ ಜಾದೂ ಮಾಡಿ ಶಾಲೆ ಮಕ್ಕಳಿಗೆ ವಿಜ್ಞಾನ ಕಲಿಸುವವರು.

"ಈ ಕೆಲಸಾನಾದ್ರೂ ಉಳಿಸ್ಕೊ ಮಗ. ಟೀಚರು ಹೇಳ್ದಂಗೆ ಮಾಡು."

"ಹೇಳ್ದಂಗೇ ಮಾಡ್ತೀನಿ ಕಣವ್ವ."

ಮೊದಲ ದಿನ ಟೀಚರು ನಿಂಬೆರಸದ ಸೀಸೆಗೆ ಅಡುಗೆ ಸೋಡಾ ಸುರಿದು, "ಬೇಗ ಬಾಯಿಗೆ ಬಲೂನು ಸಿಕ್ಕಿಸು" ಅಂದರು. ಸಿಕ್ಕಿಸಿದ, ತನ್ನ ಬಾಯಿಗೆ. ಸೀಸೆ ಬುಸುಬುಸು ನೊರೆ ಕಕ್ಕಿತು. ಮಕ್ಕಳು ಬಿದ್ದು ಬಿದ್ದು ನಕ್ಕರು.

"ನಿನ್ನ ಬಾಯಿಗಲ್ಲಪ್ಪ. ಇಲ್ಲಿ ಬಾಯಿ ಅಂದ್ರೆ ಸೀಸೆ ಬಾಯಿ. ತಿಳೀತಾ?"

"ತಿಳೀತು ಟೀಚರ್."

ಮಾರನೇ ದಿನ ಟೀಚರು ತಟ್ಟೆ ತುಂಬ ಉಪ್ಪಿಟ್ಟು ಕೊಟ್ಟು, "ಆರೋಕೆ ಮುಂಚೆ ಬಾಯಿಗೆ ಹಾಕು" ಅಂದರು. ತೊಳೆದಿಟ್ಟ ಸೀಸೆಗೆ ಉಪ್ಪಿಟ್ಟನ್ನೆಲ್ಲ ಪೆನ್ಸಿಲಿನಿಂದ ತಳ್ಳಿ ತಳ್ಳಿ ತುಂಬಿ, ತಾನು ಹಸಿದುಕೊಂಡು ಕೂತ.

"ಅಯ್ಯೋ ಮಾರಾಯ, ತಿನ್ನೋದು ಕಂಡ್ರೆ ಹೊಟ್ಟೆಗೆ ಹಾಕ್ಕೋಬೇಕು, ಸೀಸೆಗಲ್ಲ."

"ಆಗಲಿ ಟೀಚರ್."

ಅದರ ಮಾರನೇ ದಿನ ಟೀಚರು ಬೇಯಿಸಿ ಸುಲಿದ ಮೊಟ್ಟೆ ತಂದರು. "ಇದು ಯಾರೂ ತಳ್ಳದೇನೇ ಒಳಗೆ ಹೋಗುತ್ತೆ, ನೋಡ್ತಿರಿ" ಅಂದು, ಕಾಗದಕ್ಕೆ ಬೆಂಕಿ ಹಚ್ಚಿ ಸೀಸೆಗೆ ಹಾಕಿ, ಸೀಸೆ ಬಾಯಿ ಮೇಲೆ ಮೊಟ್ಟೆ ಕೂರಿಸೋಣ ಅಂತ ತಿರುಗಿದರೆ ಮೊಟ್ಟೆಯೇ ಇಲ್ಲ.

"ಮೊಟ್ಟೆ ಎಲ್ಲಪ್ಪ?"

"ಒಳಗೆ ಹೋಯ್ತು ಟೀಚರ್," ಅಂದು ಬೆಟ್ಟಸ್ವಾಮಿ ಹೊಟ್ಟೆ ಸವರಿಕೊಂಡ.

ಸುದ್ದಿ ಮನೆ ಮುಟ್ಟಿತು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಾಳೆ ಶಾಲೆ ಸಮಿತಿ ಅಧ್ಯಕ್ಷರು ಬತ್ತಾರೆ. ಅವರು ಮೆಚ್ಚಿದ್ರೆ ಟೀಚರ ಪ್ರಯೋಗಕ್ಕೆ ಒಂದು ಕೋಣೆ ಸಿಗ್ತದೆ. ನೀನು ಕೆಡಿಸಬೇಡ. ಮೇಜಿನ ಮೇಲಿರೋ ಏನನ್ನೂ ಮುಟ್ಟಬೇಡ."

"ಮುಟ್ಟಲ್ಲ ಕಣವ್ವ."

ಅಧ್ಯಕ್ಷರು ಗರಿಗರಿ ಪಂಚೆ ಉಟ್ಟು ಬಂದು ಮೇಜಿನ ಪಕ್ಕದಲ್ಲೇ ನಿಂತರು. ಮೇಜಿಗೆ ಬಟ್ಟೆ ಹಾಸಿತ್ತು, ಅದರ ಮೇಲೆ ನೀರು ತುಂಬಿದ ಲೋಟಗಳು.

"ಬಟ್ಟೆ ಸರಕ್ಕನೆ ಎಳೆದ್ರೆ ಮಿಕ್ಕಿದ್ದು ಇದ್ದಲ್ಲೇ ಇರುತ್ತೆ ಮಕ್ಕಳೇ. ಅದೇ ಜಡತ್ವ," ಅಂದರು ಟೀಚರು. "ಬೆಟ್ಟಸ್ವಾಮಿ, ಬಟ್ಟೆ ಎಳಿ."

ಬೆಟ್ಟಸ್ವಾಮಿ ಯೋಚಿಸಿದ. ಈ ಬಟ್ಟೆ ಇರೋದು ಮೇಜಿನ ಮೇಲೆ. ಮೇಜಿನ ಮೇಲಿರೋದನ್ನ ಮುಟ್ಟಬಾರದು. ಹಾಗಾದರೆ ಕೈಗೆ ಸಿಗೋದು ಇನ್ನೊಂದೇ ಬಟ್ಟೆ. ಸರಕ್ಕನೆ ಎಳೆದ.

ಪಂಚೆ ಬಂತು. ಅಧ್ಯಕ್ಷರು ಇದ್ದಲ್ಲೇ ಇದ್ದರು, ಪಟ್ಟಾಪಟ್ಟಿ ಚಡ್ಡಿಯಲ್ಲಿ.

ಗಾಬರಿಯಲ್ಲಿ ಅವರು ಮೇಜಿನ ಬಟ್ಟೆಯನ್ನೇ ಕಿತ್ತು ಸೊಂಟಕ್ಕೆ ಸುತ್ತಿಕೊಂಡರು. ಲೋಟಗಳು ಕದಲಲಿಲ್ಲ. ಒಂದು ಹನಿ ಚೆಲ್ಲಲಿಲ್ಲ. ಮಕ್ಕಳು "ಜಡತ್ವ, ಜಡತ್ವ" ಅಂತ ಬೆಂಚು ಬಡಿದರು. ಅಧ್ಯಕ್ಷರು ಲೋಟ ನೋಡಿದರು, ಮಕ್ಕಳನ್ನು ನೋಡಿದರು, ಅವರಿಗೂ ನಗು ತಡೆಯಲಾಗಲಿಲ್ಲ.

"ಕೋಣೆ ಕೊಡ್ತೀನಮ್ಮ. ಮೊದಲು ನನ್ನ ಪಂಚೆ ಕೊಡಿಸಿ."

"ಪಂಚೆ ಕೊಡೋ ಬೆಟ್ಟಸ್ವಾಮಿ," ಅಂದರು ಟೀಚರು.

"ಹೆಂಗೆ ಕೊಡ್ಲಿ ಟೀಚರ್," ಅಂದ ಬೆಟ್ಟಸ್ವಾಮಿ, "ಮಡಚಿ ಮೇಜಿನ ಮೇಲೆ ಇಟ್ಬಿಟ್ಟೆ. ಇನ್ನು ಮುಟ್ಟಂಗಿಲ್ಲ."