ಹೊಸ್ತಿಲು ರಾಜದ್ರೋಹಿಯಾದ ಕತೆ

ಬನ್ನಿ, ಬೆಂಕಿಗೆ ಹತ್ತಿರ ಕೂತ್ಕೊಳ್ಳಿ. ಇದರ ಒಂದೊಂದು ಅಕ್ಷರವೂ ಸತ್ಯ, ಆಣೆ ಮಾಡಿ ಹೇಳ್ತೇನೆ. ನಿಮ್ಮ ಈ ಮಾವ ಸುಳ್ಳು ಹೇಳಿದ್ದನ್ನು ಕೇಳಿದವರು ಈ ಸೀಮೆಯಲ್ಲಿ ಯಾರೂ ಇಲ್ಲ. ಇದ್ದವರಿಗೆ ಕಿವಿ ಮಂದ.

ಒಂದಾನೊಂದು ಊರಿನಲ್ಲಿ ಬೊಪ್ಪರಾಯ ಅಂತ ಒಬ್ಬ ರಾಜ. ಅವನು ಸಾರಿನ ವಾಸನೆ ಹಿಡಿದು ಹೊರಗೆ ಓಡುವಾಗ ಅರಮನೆಯ ಹೊಸ್ತಿಲು ಎಡವಿ, ಒಳಕ್ಕೇ ಬಿದ್ದ. ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿತು.

"ರಾಜದ್ರೋಹಿ!" ಅಂತ ಕೂಗಿದ.

"ನಿಮ್ಮ ಮುತ್ತಜ್ಜನ ಕಾಲದಿಂದ ನಾನು ಇಲ್ಲೇ ಮಲಗಿದ್ದೇನೆ, ಬುದ್ಧಿ. ಬಂದದ್ದು ನಿಮ್ಮ ಕಾಲು," ಅಂತು ಹೊಸ್ತಿಲು.

"ಎದುರು ಮಾತು ಬೇರೆ!"

ಮಂತ್ರಿ ಸಿಂಗಣ್ಣ ಡಂಗುರ ಹೊಡೆಸಿದ. "ಕೇಳ್ರಪ್ಪೋ! ಹೊಸ್ತಿಲು ರಾಜದ್ರೋಹಿ. ಅದನ್ನು ಮುಟ್ಟಿದವರು ದ್ರೋಹಿ. ದಾಟಿದವರು ದ್ರೋಹಿ. ಅದರ ನೆಂಟರಿಗೆ ಉಪಚಾರ ಮಾಡಿದವರು ದ್ರೋಹಿ. ದ್ರೋಹಿಗೆ ಊಟವಿಲ್ಲ!"

ಮಾರನೆಯ ದಿನ ಊರಿನ ಹೆಂಗಸರೆಲ್ಲ ಎದ್ದರು. ಮುಖ ತೊಳೆದರು. ಅಭ್ಯಾಸ ನೋಡಿ, ತಂತಮ್ಮ ಮನೆಯ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿಬಿಟ್ಟರು. ನೆಂಟರಿಗೆ ಉಪಚಾರ! ಊರಿಗೆ ಊರೇ ದ್ರೋಹಿಯಾಯಿತು. ಸುದ್ದಿ ಹೇಳಲು ಮಂತ್ರಿ ಅರಮನೆಯೊಳಗೆ ಓಡಿಬಂದ. ದಾಟಿದನಲ್ಲ, ಅವನೂ ದ್ರೋಹಿ.

"ಹೊರಗೆ ನಡಿ!" ಅಂದ ರಾಜ. ಮಂತ್ರಿ ಮತ್ತೊಮ್ಮೆ ದಾಟಿ ಇಮ್ಮಡಿ ದ್ರೋಹಿಯಾದ.

ಉಳಿದವಳು ಅಡುಗೆಯ ಸಣ್ಣತಾಯಮ್ಮ ಒಬ್ಬಳೇ. ಅವಳ ಅಡುಗೆಮನೆ ಅಂದರೆ ಅಂಗಳದ ಬೇವಿನಮರದ ಕೆಳಗೆ ಮೂರು ಕಲ್ಲು. ಹೊಸ್ತಿಲೇ ಇಲ್ಲ, ಅರಿಶಿನ ಎಲ್ಲಿ ಹಚ್ಚಬೇಕು? ಅವಳು ಮುದ್ದೆ, ಹುರುಳಿಕಾಳಿನ ಸಾರು ಹಿಡಿದು ಬಾಗಿಲಿಗೆ ಬಂದು ನಿಂತಳು.

ರಾಜನ ಹೊಟ್ಟೆ ಗುಡುಗಿತು. "ಒಳಗೆ ತಾರಮ್ಮ!"

"ದಾಟಿದರೆ ನಾನೂ ದ್ರೋಹಿ. ಆಮೇಲೆ ನಿಮಗೆ ಬೇಯಿಸೋರು ಯಾರು, ಬುದ್ಧಿ?"

"ಹಾಗಾದರೆ ಡಂಗುರ ವಾಪಸ್!"

"ಸಾರಿದ ರಾಜನೇ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಮುಂದಿನ ರಾಜ ಬರಬೇಕು."

"ಅಷ್ಟು ಹೊತ್ತಿಗೆ ಸಾರು ಆರಿಹೋಗುತ್ತಲ್ಲೇ!"

ಸಾರಿನ ಹಬೆ ಅವನ ಮೂಗಿಗೆ ಬಂತು. ಬೊಪ್ಪರಾಯ ಕಣ್ಣು ಮುಚ್ಚಿ ಹಾರಿದ. ಹೊರಗೆ ಬಿದ್ದ.

"ದ್ರೋಹಿ," ಅಂತು ಹೊಸ್ತಿಲು, ಮೆಲ್ಲಗೆ.

ಸಣ್ಣತಾಯಮ್ಮ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. "ದ್ರೋಹಿಗೆ ಊಟವಿಲ್ಲ."

ರಾಜ ನೆಲದ ಮೇಲೆ ಕೂತು ಅತ್ತ. ಅಳು ಕೇಳಿ ಊರಿನ ದ್ರೋಹಿಗಳೆಲ್ಲ ಹಸಿದ ಹೊಟ್ಟೆಯಲ್ಲಿ ಸೇರಿದರು. ಆಗ ಮಂತ್ರಿ ತಲೆ ಕೆರೆದುಕೊಂಡ. "ದ್ರೋಹಿ ರಾಜನಾಗಿರುವ ಹಾಗಿಲ್ಲ. ಇಡೀ ರಾಜ್ಯದಲ್ಲಿ ದ್ರೋಹಿಯಲ್ಲದವಳು ಇವಳೊಬ್ಬಳೇ. ಹಾಗಾದರೆ... ಅಡ್ಡಬಿದ್ದೆ, ಮಹಾರಾಣಿ!"

ಸಿಂಹಾಸನ ಹೊಸ್ತಿಲಿನ ಆಚೆ ಇತ್ತು. ಅದಕ್ಕೇ ಮಹಾರಾಣಿ ಒಲೆಯ ಮುಂದೆ ಕೂತು ರಾಜ್ಯಭಾರ ಶುರು ಮಾಡಿದಳು. "ಹಳೇ ಡಂಗುರ ರದ್ದು. ಎಲ್ಲರಿಗೂ ಊಟ. ಸಾಲಾಗಿ ಕೂತ್ಕೊಳ್ಳಿ."

ಬೊಪ್ಪರಾಯನೂ ಸಾಲಿನಲ್ಲಿ ಕೂತು ಉಂಡ. ಬೆರಳು ನೆಕ್ಕುತ್ತಾ ಕೇಳಿದ, "ಇನ್ನು ನಾನು ಒಳಗೆ ಹೋಗಿ ಸಿಂಹಾಸನದ ಮೇಲೆ ಕೂರಲಾ?"

"ಕೂತರೆ ಮತ್ತೆ ಹಸಿವಾಗುತ್ತೆ. ಹಸಿವಾದರೆ ಮತ್ತೆ ಓಡ್ತೀಯ, ಮತ್ತೆ ಎಡವ್ತೀಯ," ಅಂದಳು ರಾಣಿ. "ಇಲ್ಲೇ ಇರು. ಸೌದೆ ಒಡಿ."

ಅದಕ್ಕೇ ಮಕ್ಕಳೇ, ಯಾರನ್ನಾದರೂ ದ್ರೋಹಿ ಅನ್ನಬೇಕೆನಿಸಿದರೆ ಮೊದಲು ಊಟ ಮುಗಿಸಿ. ಅವರು ಅಲ್ಲಿ ಉಂಡರು, ನಾವು ಇಲ್ಲಿ ಆಕಳಿಸಿದೆವು.

ಒಂದು ಮಾತು. ಸಾರು ಹುರುಳಿಕಾಳಿನದು ಅಂದೆನಲ್ಲ, ಅದೊಂದು ಮಾತ್ರ ನಾನು ಕಟ್ಟಿದ್ದು. ಅವತ್ತು ಮಾಡಿದ್ದು ಅವರೆಕಾಳಿನ ಸಾರು.